ಕಡಂಗದ ಆಚೆಯ ಗುಡ್ಡ

ಕಳೆದ ತಿಂಗಳು ಅವ್ವನಿಗೆ ಹಲ್ಲಿನ ಸೆಟ್ ಮಾಡಿಸಲು ವಿರಾಜಪೇಟೆಗೆ ಕರೆದುಕೊಂಡು ಹೋಗಿದ್ದೆ. ಕ್ಲಿನಿಕ್ಕಿನ ಒಳಕೋಣೆಯಲ್ಲಿ ಒಬ್ಬ ಹುಡುಗ ಪಿಂಗಾಣಿ ಬಟ್ಟಲಿಗೆ ಗುಲಾಬಿ ಪುಡಿ ಸುರಿದು, ಅದರ ಮೇಲೆ ಸಣ್ಣ ಬಾಟಲಿಯಿಂದ ಏನನ್ನೋ ತೊಟ್ಟಿಕ್ಕಿಸುತ್ತಿದ್ದ. ಉಗುರುಬಣ್ಣವನ್ನೂ ಸೀಮೆಎಣ್ಣೆಯನ್ನೂ ಬೆರೆಸಿದಂಥ ವಾಸನೆ ಹೊರಗೆ ಬೆಂಚಿನವರೆಗೆ ಬಂತು. ಅವ್ವ ಮೂಗು ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ. ಒಂದು ವರ್ಷದ ಭಾನುವಾರಗಳನ್ನು ಆ ವಾಸನೆಯ ನಡುವೆ ಕಳೆದವಳು ನಾನು...

"ನಿನ್ನ ಹಲ್ಲಿನ ಮಾವನ ಮನೆ ವಾಸನೆ" ಎಂದಳು ಅವ್ವ, ಸೆರಗಿನ ಒಳಗಿಂದಲೇ.

ಹಲ್ಲಿನ ಮಾವ ನಮಗೆ ನೆಂಟರಲ್ಲ. ಬಿಟ್ಟಂಗಾಲದ ಹತ್ತಿರ ನಮ್ಮ ತೋಟಕ್ಕೆ ಹೊಂದಿಕೊಂಡ ನಾಲ್ಕು ಎಕರೆಯನ್ನು ಕೊಂಡು ಬಂದವರು. ಅವರ ತಂದೆಯ ಕಾಲಕ್ಕೆ ಹಾಸನದ ಕಡೆಯಿಂದ ಕುಶಾಲನಗರಕ್ಕೆ ಬಂದು ನೆಲೆಸಿದ ಮನೆತನ. ಕುಶಾಲನಗರದಲ್ಲಿ ಬಹಳ ವರ್ಷ ಹಲ್ಲಿನ ಸೆಟ್ ತಯಾರಿಸುವ ಕೆಲಸ ಮಾಡಿ, ಅರುವತ್ತರ ಹತ್ತಿರ ಬಂದಾಗ ಅದನ್ನು ಬಿಟ್ಟು, ಕಾಫಿಯ ಗಂಧಗಾಳಿ ಗೊತ್ತಿಲ್ಲದಿದ್ದರೂ ತೋಟ ಮಾಡುತ್ತೇನೆಂದು ಬಂದಿದ್ದರು. ಮದುವೆಯಾಗಿರಲಿಲ್ಲ. ತೋಟದ ಲೈನ್‌ಮನೆಗಳ ಆಳುಗಳು ಅವರನ್ನು ಹಲ್ಲು ಡಾಕ್ಟ್ರು ಎನ್ನುತ್ತಿದ್ದರು. ಡಾಕ್ಟ್ರಲ್ಲ ಎಂದು ಅವರು ಪ್ರತಿ ಸಲವೂ ತಿದ್ದುತ್ತಿದ್ದರು, ಯಾರೂ ತಿದ್ದಿಕೊಳ್ಳಲಿಲ್ಲ.

ನಮ್ಮ ತೋಟಕ್ಕೂ ಅವರ ತೋಟಕ್ಕೂ ನಡುವೆ ಒಂದು ಕಡಂಗ ಇತ್ತು. ಅರಸರ ಕಾಲದಲ್ಲಿ ಶತ್ರುಗಳನ್ನು ತಡೆಯಲು ತೋಡಿದ ಕಂದಕ. ಎರಡಾಳು ಆಳ, ಒಳಗೆಲ್ಲ ಜರಿಗಿಡ. ಅದರ ತಗ್ಗಿನ ತುದಿಯಲ್ಲಿ ಒರತೆ ಇದ್ದು, ಬೇಸಗೆಯಲ್ಲೂ ಒಂದು ಸಣ್ಣ ಕೆರೆಯಷ್ಟು ನೀರು ನಿಲ್ಲುತ್ತಿತ್ತು. ಫೆಬ್ರವರಿ ಕೊನೆಗೆ ಮಳೆ ಬಾರದಿದ್ದರೆ ಅಪ್ಪ ಅಲ್ಲಿಗೆ ಪಂಪ್ ಇಟ್ಟು ಸ್ಪ್ರಿಂಕ್ಲರ್ ಓಡಿಸುತ್ತಿದ್ದರು. ಆ ನೀರು ಬಿದ್ದರೆ ಎಂಟು ಹತ್ತು ದಿನಕ್ಕೆ ರೊಬಸ್ಟಾ ಕಾಫಿ ಹೂವಾಗುತ್ತಿತ್ತು. ಬೀಳದಿದ್ದರೆ ಆ ವರ್ಷದ ಫಸಲು ಮೋಡದ ಮರ್ಜಿ.

ತೊಂದರೆ ಏನೆಂದರೆ, ನಮ್ಮ ಕಾಗದದಲ್ಲೂ 'ಕಡಂಗದವರೆಗೆ' ಎಂದಿತ್ತು, ಅವರ ಕಾಗದದಲ್ಲೂ 'ಕಡಂಗದವರೆಗೆ' ಎಂದಿತ್ತು. ಕಡಂಗ ಯಾರದು ಎಂದು ಎರಡರಲ್ಲೂ ಇರಲಿಲ್ಲ. ಮೊದಲಿನ ಯಜಮಾನರು ಊರಿನಲ್ಲಿ ಇರದಿದ್ದುದರಿಂದ ಯಾರೂ ಕೇಳಿರಲಿಲ್ಲ. ಹಲ್ಲಿನ ಮಾವ ಬಂದ ವರ್ಷ ಅಪ್ಪ ಕೆರೆಯನ್ನು ಆಳ ಮಾಡಿಸಲು ಜೆಸಿಬಿ ಕರೆಸಿದಾಗ, ಅವರು ಆಚೆ ದಂಡೆಯಲ್ಲಿ ನಿಂತು, "ಒಂದ್ನಿಮಿಷ ಗೌಡ್ರೇ, ಯಾರ್ದು ಅಂತ ಕೇಳ್ಕಂಡು ತೋಡನ" ಎಂದಿದ್ದರು. ಜೆಸಿಬಿ ವಾಪಸ್ ಹೋಯಿತು. ಅಂದಿನಿಂದ ಅಪ್ಪ ಅವರನ್ನು 'ಅಂವ' ಎಂದಷ್ಟೇ ಕರೆದರು.

ಅಂಥವರು ಮುಂದಿನ ಫೆಬ್ರವರಿಯಲ್ಲಿ, ಕಾಫಿ ಪಿಕ್ಕಿಂಗ್ ಮುಗಿದ ವಾರ, ನನ್ನನ್ನು ಆಟಕ್ಕೆ ಕರೆದರು. ನಾನಾಗ ಬಿ.ಕಾಂ. ಮುಗಿಸಿ ಮನೆಯಲ್ಲಿದ್ದೆ. ಅಂಗಳದ ಮಳೆಮಾಪಕ ನೋಡಿ ಅಂಗುಲದ ನೂರನೇ ಒಂದು ಪಾಲಾದ ಸೆಂಟ್ ಲೆಕ್ಕದಲ್ಲಿ ದಿನಕ್ಕೆ ಎಷ್ಟು ಮಳೆ ಎಂದು ಡೈರಿಯಲ್ಲಿ ಬರೆಯುವುದು ನಮ್ಮ ಮನೆಯಲ್ಲಿ ಅಜ್ಜನಿಂದ ನನಗೆ ಬಂದ ಕೆಲಸ. ಬೇಲಿಯ ಹತ್ತಿರ ನಿಂತು ಅವರು, "ಲೆಕ್ಕ ಇಡೋರು ಬೇಕು ಕಣವ್ವ. ಯುದ್ಧ ಅಂದ್ರೆ ಅರ್ಧ ಲೆಕ್ಕ" ಎಂದರು. ನನಗೆ ಅರ್ಥವಾಗಲಿಲ್ಲ. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಅಪ್ಪ ವೀಳ್ಯಕ್ಕೆ ಸುಣ್ಣ ಹಚ್ಚಿ, ಮಡಚಿ ಬಾಯಿಗಿಟ್ಟರು.

"ಹೋಗು. ಅಂವ ಎಂತೆಂತ ಕೇಳ್ದ ಅಂತ ಬಂದ್ ಹೇಳು."

ಹೀಗೆ ನಾನು ಆಟಗಾರ್ತಿಯಾಗುವ ಮೊದಲೇ ಗೂಢಚಾರಳಾದೆ.

ಅವರ ಪಡಸಾಲೆಯಲ್ಲಿ ಕುರ್ಚಿಗಳಿಗಿಂತ ದೊಡ್ಡದಾಗಿ ಒಂದು ಮೇಜಿತ್ತು. ಅದರ ಮೇಲೆ ನೆಲ, ಗುಡ್ಡ, ಮರ, ನಡುವೆ ಒಂದು ಕಂದಕ. ಗುಡ್ಡ ಥರ್ಮೋಕೋಲಿನದು, ಹುಲ್ಲು ಹಸಿರು ಬಣ್ಣ ಹಚ್ಚಿದ ಮರದ ಹೊಟ್ಟು. ಎರಡು ದಂಡೆಗಳ ಮೇಲೂ ಒಂದು ಅಂಗುಲ ಎತ್ತರದ ಸೈನಿಕರು ನಿಂತಿದ್ದರು. ಒಂದು ಕಡೆ ಕೆಂಪು ಕೋಟಿನ ಕಂಪನಿ ಸಿಪಾಯಿಗಳು. ಇನ್ನೊಂದು ಕಡೆ ಕಪ್ಪು ಕುಪ್ಪಸ ತೊಟ್ಟು, ಸೊಂಟಕ್ಕೆ ಕೆಂಪು ಚೇಲೆ ಬಿಗಿದ, ಕೋವಿ ಹಿಡಿದ ಕೊಡಗಿನವರು. ಎಲ್ಲರನ್ನೂ ಅವರೇ ಹಲ್ಲಿನ ಸೆಟ್ಟಿನ ಪುಡಿಯಿಂದ ಎರಕ ಹೊಯ್ದಿದ್ದರು. ಬಣ್ಣ ಕಾಣದ ಸೈನಿಕರು ಕಿಟಕಿಯ ಬಳಿ ಒಣಗುತ್ತಿದ್ದರು, ಒಸಡಿನ ಬಣ್ಣದಲ್ಲಿ. ಮನೆಯಲ್ಲಿ ಹೇಳಿದಾಗ ಅವ್ವ, "ಒಸಡಿನ ಸೈನ್ಯ ಕಚ್ಚುದು ಹೆಂಗೆ?" ಎಂದು ನಕ್ಕಿದ್ದಳು.

ನಾನು ಕಂದಕವನ್ನು ನೋಡಿದೆ. ಅದು ಮೊದಲು ನೆಟ್ಟಗೆ ಹೋಗಿ, ಒಂದು ಬಂಡೆಯ ಹತ್ತಿರ ಎಡಕ್ಕೆ ತಿರುಗಿ, ತಗ್ಗಿನಲ್ಲಿ ಅಗಲವಾಗಿತ್ತು. ಅಗಲವಾದಲ್ಲಿ ನೀಲಿ ಬಣ್ಣ.

"ಇದು ನಮ್ಮ ಕಡಂಗ" ಎಂದೆ.

"ನಮ್ದು ಅಂದ್ರೆ ಯಾರ್ದು?" ಎಂದು ಅವರು ನಕ್ಕರು. ನಾನು ನಗಲಿಲ್ಲ. ಆ ಮಾತನ್ನು ಅಂದೇ ಅಪ್ಪನಿಗೆ ಒಪ್ಪಿಸಿದೆ.

"ಅಂವ ಆಟ ಆಡ್ದು ಅಲ್ಲ ಕೂಸೇ, ಜಾಗ ಅಳತೆ ಮಾಡ್ದು" ಎಂದರು ಅಪ್ಪ. ಅದು ಸುಳ್ಳೂ ಆಗಿರಲಿಲ್ಲ. ಅವರು ಬೆಳಗ್ಗೆ ಟೇಪು ಹಿಡಿದು ಕಡಂಗದ ಉದ್ದಕ್ಕೂ ನಡೆಯುತ್ತಿದ್ದುದನ್ನು ನಾನೇ ನೋಡಿದ್ದೆ.

ಆಟದ ನಿಯಮ ಸುಲಭವಾಗಿತ್ತು. ಒಬ್ಬರು ಕಂದಕ ಕಾಯಬೇಕು, ಇನ್ನೊಬ್ಬರು ದಾಟಬೇಕು. ಕಾಲಾಳು ಒಂದು ಸರದಿಗೆ ಆರು ಅಂಗುಲ ನಡೆಯುತ್ತಾನೆ. ಗುಂಡು ಹಾರಿಸಿದರೆ ದಾಳ ಎಸೆಯಬೇಕು. ಐದು ಅಥವಾ ಆರು ಬಿದ್ದರೆ ಎದುರಿನವ ಸತ್ತ. ಅವನು ಮಣ್ಣಿನ ದಂಡೆಯ ಹಿಂದಿದ್ದರೆ ಆರೇ ಬೀಳಬೇಕು. ಆದರೆ ಹಾರಿಸುವವನು ದಂಡೆಯ ಹಿಂದಿನದು ಕಾಣುವಷ್ಟು ಎತ್ತರದಲ್ಲಿ ನಿಂತಿದ್ದರೆ, ದಂಡೆಯ ಮರೆ ಲೆಕ್ಕಕ್ಕಿಲ್ಲ. ಮೇಲಿನಿಂದ ಎಲ್ಲ ಕಾಣುತ್ತದಲ್ಲ... ಹನ್ನೆರಡು ಸರದಿಯೊಳಗೆ ಐದು ಸೈನಿಕರು ದಾಟಿದರೆ ಕಡಂಗ ಬಿದ್ದಂತೆ.

ನಾನು ಸಹಜವಾಗಿ ನಮ್ಮ ಕಡೆಯ ದಂಡೆಯ ಮೇಲೆ ಕೊಡಗಿನವರನ್ನು ನಿಲ್ಲಿಸಿದೆ. ಸೋತೆ. ಮುಂದಿನ ಭಾನುವಾರವೂ ಸೋತೆ. ಅವರ ಕೆಂಪು ಕೋಟಿನವರು ಆಚೆಯ ಗುಡ್ಡ ಹತ್ತಿ, ಅಲ್ಲಿಂದ ನನ್ನವರನ್ನು ಒಬ್ಬೊಬ್ಬರಾಗಿ ಹೊಡೆಯುತ್ತಿದ್ದರು. ಸತ್ತವರನ್ನು ಅವರು ಮಲಗಿಸುತ್ತಿರಲಿಲ್ಲ. ಎತ್ತಿ ಕಿಟಕಿಯ ದಂಡೆಯ ಮೇಲೆ ಬಿಸಿಲಿಗೆ ನಿಲ್ಲಿಸುತ್ತಿದ್ದರು.

"ಅಪ್ಪಂಗೆ ಏನ್ ಹೇಳ್ತಿಯವ್ವ ಇವತ್ತು?" ಎಂದು ಒಂದು ದಿನ ಕೇಳಿದರು, ಚಹಾ ಸೋಸುತ್ತಾ.

"ಸೋತೆ ಅಂತ."

"ಅದನ್ನ ಬಿಟ್ಟು?"

ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಕರೆಯುತ್ತಿದ್ದರೆ ಏನನ್ನೋ ನನ್ನ ಮೂಲಕವೇ ಕಳಿಸುತ್ತಿದ್ದಾರೆ ಎಂದಾಯಿತಲ್ಲ? ಆ ದಿನದಿಂದ ನನ್ನ ಅನುಮಾನ ಅಪ್ಪನದಕ್ಕಿಂತ ಬೇರೆಯೇ ಆಯಿತು. ಅವರು ಏನು ಕೇಳುತ್ತಾರೆ ಎಂದು ಅಪ್ಪ ನೋಡುತ್ತಿದ್ದರು. ನಾನು ಅವರು ಏನು ಕೊಡುತ್ತಾರೆ ಎಂದು ನೋಡತೊಡಗಿದೆ.

ಮೊದಲು ದಾಳದ ಮೇಲೆ ಅನುಮಾನ ಬಂತು. ಅದೂ ಅವರೇ ಎರಕ ಹೊಯ್ದದ್ದು. ಒಂದು ದಾಳವನ್ನು ಕೇಳಿಯೇ ತಂದು, ಅಡುಗೆಮನೆಯ ನೆಲದ ಮೇಲೆ ಅರುವತ್ತು ಸಲ ಎಸೆದು ಗೀಟು ಹಾಕಿದೆ. ಆರು ಬಿದ್ದದ್ದು ಹನ್ನೊಂದು ಸಲ, ಒಂದು ಬಿದ್ದದ್ದು ಒಂಬತ್ತು. ದಾಳ ನಿರಪರಾಧಿ. ವಾಪಸ್ ಕೊಟ್ಟಾಗ ಅವರು, "ಏನಂತೆ, ಬಾಯ್ಬಿಡ್ತಾ?" ಎಂದು ಕೇಳಿದರು.

ಜೂನಿನಲ್ಲಿ ಅವರು, "ಈ ಸಲ ನೀ ನಂ ಕಡೆಗೆ ಬಾ, ನಾ ನಿಮ್ ಕಡೆಗೆ ಬತ್ತೀನಿ" ಎಂದರು. ಕೊಡಗಿನವರನ್ನು ಆಚೆ ದಂಡೆಗೆ ಸಾಗಿಸಿದೆವು. ಬೆನ್ನಿಗೆ ಗುಡ್ಡ, ಎದುರಿಗೆ ತಗ್ಗು. ಕೆಂಪು ಕೋಟಿನವರು ನಮ್ಮ ತೋಟದ ಕಡೆಯಿಂದ ಹತ್ತಿ ಬರಬೇಕು. ಆರನೆಯ ಸರದಿಯೊಳಗೆ ಅವರಲ್ಲಿ ಅರ್ಧ ಜನ ಕಿಟಕಿಯ ಮೇಲೆ ಬಿಸಿಲು ಕಾಯಿಸುತ್ತಿದ್ದರು. ನಾನು ಮೊದಲ ಸಲ ಗೆದ್ದೆ. ಅವರಿಗೆ ಬೇಸರವಾಗಲಿಲ್ಲ. ಅದೇ ನನಗೆ ಹಿಡಿಸಲಿಲ್ಲ.

ಅಂದು ಕಡಂಗ ದಾಟಿ ಮನೆಗೆ ಬರುವಾಗ ವಿಷಯ ಹೊಳೆಯಿತು. ಅಪ್ಪನ ವಾದ ಊರಿಗೆಲ್ಲ ಗೊತ್ತಿತ್ತು. ಕಡಂಗ ತೋಡಿದವರು ಮಣ್ಣನ್ನು ತಮ್ಮ ಕಡೆಗೇ ಎಸೆದು, ಆ ದಂಡೆಯ ಹಿಂದೆ ನಿಂತು ಕಾದರು. ಹಾಗಾಗಿ ಮೂಲದ ದಂಡೆ ಯಾವ ಕಡೆಗೋ ಕಡಂಗ ಆ ಕಡೆಯವರದು. ನಮ್ಮ ಕಡೆ ಎತ್ತರದ ದಂಡೆ ಇತ್ತು, ನಿಜ. ಆದರೆ ಪ್ರತಿ ವರ್ಷ ಹೂಳೆತ್ತಿ ನಮ್ಮ ಕಡೆ ಹಾಕಿದ್ದು ಅಜ್ಜ ಮತ್ತು ಅಪ್ಪ. ಆಚೆಯೂ ದಂಡೆ ಇತ್ತು. ಮಣ್ಣನ್ನು ನೋಡಿ ಹೇಳುವ ಹಾಗಿರಲಿಲ್ಲ. ಸೈನಿಕರನ್ನು ನಿಲ್ಲಿಸಿ ನೋಡಿದರೆ ಮಾತ್ರ ಹೇಳಬಹುದಿತ್ತು. ತಲೆಯ ಮೇಲೆ ಶತ್ರುವಿಗೆ ಗುಡ್ಡ ಬಿಟ್ಟುಕೊಟ್ಟು ತಗ್ಗಿನಲ್ಲಿ ನಿಂತು ಕಾಯಲು ಯಾರು ಕಂದಕ ತೋಡುತ್ತಾರೆ? ಅಪ್ಪನ ಮಾತಿನ ಪ್ರಕಾರವೇ ಕಡಂಗ ಅವರದಾಗುತ್ತಿತ್ತು. ಅದನ್ನು ಅವರು ಬಾಯಿಬಿಟ್ಟು ಹೇಳಿರಲಿಲ್ಲ. ನನ್ನನ್ನು ವಾರ ವಾರ ಸೋಲಿಸಿ ಹೇಳಿದ್ದರು.

ಅಂದು ಮಾತ್ರ ಅಪ್ಪನಿಗೆ ಪೂರ್ತಿ ವರದಿ ಕೊಡಲಿಲ್ಲ. ಗೆದ್ದೆ ಎಂದೆ. ಯಾವ ಕಡೆಯಿಂದ ಎಂದು ಅವರು ಕೇಳಲಿಲ್ಲ.

ಇಷ್ಟೆಲ್ಲ ಗೊತ್ತಾದ ಮೇಲೆ ಹೋಗುವುದನ್ನು ಬಿಡಬಹುದಿತ್ತು. ಬಿಡಲಿಲ್ಲ. ಆ ಮೇಜಿನ ಮುಂದೆ ನಾನು ಯೋಚಿಸುತ್ತಿದ್ದ ಹಾಗೆ ಬೇರೆಲ್ಲೂ ಯೋಚಿಸಲಿಲ್ಲ. ಕೊಡಗಿನವರ ಕಿರುಗತ್ತಿಯಾದ ಪೀಚೆಕತ್ತಿಯನ್ನು ಹಲ್ಲಿನ ಮಾವ ಬೆನ್ನಿಗೆ ಅಂಟಿಸಿದ್ದರು. ಮುಂದೆ ಚೇಲೆಯೊಳಗೆ ಸಿಕ್ಕಿಸುವುದು ಎಂದು ನಾನು ಹೇಳಿದಾಗ, ಒಂದು ವಾರ ಕೂತು ಹಲ್ಲು ಕೆರೆಯುವ ಸಲಾಕೆಯಿಂದ ಪ್ರತಿಯೊಬ್ಬನ ಕತ್ತಿ ಕಿತ್ತು ಮುಂದಕ್ಕೆ ಕೂರಿಸಿದರು. ಕೈಲ್‌ಪೊಳ್ದ್ ಹಬ್ಬದಲ್ಲಿ ಊರಿನವರೆಲ್ಲ ಕೋವಿ ಕತ್ತಿಗಳಿಗೆ ಪೂಜೆ ಮಾಡುವಾಗ, ಅವರೂ ಕೊಡಗಿನ ಸೈನ್ಯವನ್ನು ತಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿ, ಮೇಲೆ ಕೋವಿಯ ಬಾಯಿಗೆ ಸಿಕ್ಕಿಸುವ ಒಂದು ತೋಕ್ ಹೂವಿಟ್ಟಿದ್ದರು. "ಇವ್ರ ಹಬ್ಬ ಅಲ್ವಾ? ನಂಗೆ ಶಾಸ್ತ್ರ ಗೊತ್ತಿಲ್ಲ. ತಪ್ಪಾದ್ರೆ ಹೇಳು" ಎಂದರು. ಹೂವು ಸೈನಿಕರಿಗಿಂತ ದೊಡ್ಡದಾಗಿತ್ತು. ಇಂಥವನ್ನು ಕಂಡಾಗ ನನ್ನ ಅನುಮಾನ ಎರಡು ದಿನ ಮಲಗುತ್ತಿತ್ತು. ಮೂರನೆಯ ದಿನ, ಇದನ್ನೂ ಬೇಕೆಂದೇ ತೋರಿಸಿದರೇನೋ ಎಂದು ಎದ್ದು ಕೂರುತ್ತಿತ್ತು.

ಆ ಹಬ್ಬ ಕಳೆದ ಮುಂದಿನ ಭಾನುವಾರ ಅವರ ಪಡಸಾಲೆಯಲ್ಲಿ ಬೇರೆ ವಾಸನೆ ಇತ್ತು. ಹಸಿ ಅಂಟಿನದು. ಆಚೆಯ ಗುಡ್ಡದ ಹುಲ್ಲು ಹೊಸದಾಗಿತ್ತು, ಕಡುಹಸಿರು. ಮೇಜಿನ ಕೆಳಗೆ ಗುಡಿಸಿ ಉಳಿದ ಥರ್ಮೋಕೋಲಿನ ಬಿಳಿ ಕಾಳುಗಳು.

"ಮಾವ, ಗುಡ್ಡ ಬದಲಾಗಿದೆ."

"ಇಲಿ ಕಡ್ದಿತ್ತು ಕಣವ್ವ. ರಿಪೇರಿ ಮಾಡ್ದೆ."

ಗುಡ್ಡದ ಹಿಂಬದಿಗೆ ಹೋಗಿ ನೋಡಿದೆ. ಹೊಟ್ಟು ಸರಿಯಾಗಿ ಅಂಟದ ಕಡೆ ಥರ್ಮೋಕೋಲಿನ ಅಂಚು ಕಾಣುತ್ತಿತ್ತು. ಬ್ಲೇಡಿನಿಂದ ಸ್ಕೇಲ್ ಇಟ್ಟು ಕತ್ತರಿಸಿದ ಹಾಗೆ ನೇರ. ಬಿಟ್ಟಂಗಾಲದ ಯಾವ ಇಲಿಯೂ ಸ್ಕೇಲ್ ಇಟ್ಟು ಕಡಿಯುವುದಿಲ್ಲ. ಅವರು ನನಗೆ ಸುಳ್ಳು ಹೇಳಿ ಸಿಕ್ಕಿಬಿದ್ದದ್ದು ಅದೊಂದೇ ಸಲ. ಗುಡ್ಡವನ್ನು ಇನ್ನಷ್ಟು ಎತ್ತರಿಸಿದ್ದಾರೆ ಎಂದು ನಾನು ತೀರ್ಮಾನಿಸಿದೆ. ಮೊದಲೇ ಅಳೆದು ಬರೆದಿಟ್ಟುಕೊಳ್ಳದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಮಳೆಯ ಸೆಂಟ್ ಸೆಂಟನ್ನೂ ಬರೆಯುವವಳು ಕಣ್ಣೆದುರಿನ ಗುಡ್ಡವನ್ನು ಬಿಟ್ಟಿದ್ದೆ.

ಜನವರಿಯಲ್ಲಿ ಅಪ್ಪ ಇನ್ನು ಕಾಯಲಾರೆ ಎಂದರು. ಸ್ಪ್ರಿಂಕ್ಲರ್ ಓಡಿಸುವ ಕಾಲ ಹತ್ತಿರ ಬಂದಿತ್ತು. ಕೋರ್ಟು ಕಚೇರಿ ಇಬ್ಬರಿಗೂ ಬೇಡವಾಗಿತ್ತು. ಮೇಲಿನ ತೋಟದ ಹಿರಿಯರೊಬ್ಬರು, ಊರಿನಲ್ಲಿ ಇಂಥದ್ದನ್ನೆಲ್ಲ ಬಗೆಹರಿಸುವ ಕೊಡವ ಅಜ್ಜ, ನಡುವೆ ನಿಂತು ಹೇಳುವುದೆಂದೂ, ಅವರು ಹೇಳಿದ್ದಕ್ಕೆ ಇಬ್ಬರೂ ಒಪ್ಪುವುದೆಂದೂ ಮಾತಾಯಿತು. ಒಂದು ಬೆಳಗ್ಗೆ ಕಡಂಗದ ಹತ್ತಿರವೇ ಎಲ್ಲರೂ ಸೇರಿದೆವು.

ಅಪ್ಪ ತಮ್ಮ ವಾದ ಹೇಳಿದರು. "ಮೊದ್ಲಿನ ಮಣ್ಣ್ ಯಾವ ಕಡೆ ಉಟ್ಟೋ, ಕಡಂಗ ಆ ಕಡೆಯವರ್ದ್. ಅಷ್ಟೆ."

ಹಿರಿಯರು ಕೋಲೂರಿ ಎರಡೂ ದಂಡೆಗಳನ್ನು ನೋಡಿದರು. "ಮಣ್ಣು ಎರಡು ಕಡೆಯೂ ಉಂಟು ಮಾರಾಯ. ಮಣ್ಣಿಗೆ ಬಾಯಿ ಇಲ್ಲ. ಯಾವ ಕಡೆಯಿಂದ ಕಾದದ್ದು ಅಂತ ಗೊತ್ತಾದ್ರೆ ನಾನು ಈಗಲೇ ಹೇಳ್ತೇನೆ." ಆಮೇಲೆ ಹಲ್ಲಿನ ಮಾವನ ಕಡೆ ತಿರುಗಿದರು. "ನಿಮ್ಮದೇನು?"

ಹಲ್ಲಿನ ಮಾವ ಕಡಂಗದ ಆಚೆಯಿಂದ ನನ್ನನ್ನು ನೋಡಿದರು.

"ನಾ ಹೊಸಬ. ನಂಗೇನ್ ಗೊತ್ತು? ಆ ಹುಡುಗೀನ ಕೇಳಿ. ಎರಡ್ ಕಡೆಯಿಂದ್ಲೂ ಕಾದ್ ನೋಡವ್ಳೆ. ಅವ್ಳು ಹೇಳ್ದಂಗೆ ಆಗ್ಲಿ."

ಒಂದು ವರ್ಷದ ಚಹಾ, ದಾಳ, ಭಾನುವಾರಗಳು ಎಲ್ಲ ಈ ಒಂದು ಮಾತಿಗಾಗಿಯೇ ಇದ್ದವು ಎಂದು ನನಗೆ ಆ ಕ್ಷಣಕ್ಕೆ ಖಾತ್ರಿಯಾಯಿತು. ಸಾಕ್ಷಿಯನ್ನು ಅವರು ಎದುರಾಳಿಯ ಮನೆಯೊಳಗೇ ತಯಾರು ಮಾಡಿದ್ದರು. ಹಲ್ಲಿನ ಅಚ್ಚು ತೆಗೆದ ಹಾಗೆ. ಅಪ್ಪ ನನ್ನನ್ನು ನೋಡಲಿಲ್ಲ. ಹೆಗಲ ಮೇಲಿನ ಟವಲನ್ನು ಮಡಚುತ್ತಿದ್ದರು. ನನಗೆ ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲಿ ಸುಳ್ಳು ಹೇಳಲು ಬರಲಿಲ್ಲ. ಮೇಜಿನ ಮೇಲಿನ ಆಟದ ಲೆಕ್ಕವನ್ನಷ್ಟೇ ಹೇಳಿದೆ. ನಮ್ಮ ಕಡೆಯಿಂದ ಕಾದದ್ದು ಹದಿನಾಲ್ಕು ಸಲ, ಗೆದ್ದದ್ದು ಮೂರು. ಅವರ ಕಡೆಯಿಂದ ಒಂಬತ್ತು ಸಲ, ಗೆದ್ದದ್ದು ಎಂಟು.

"ಅಂದ್ರೆ?" ಎಂದರು ಹಿರಿಯರು.

"ಗುಡ್ಡದ ಕಡೆಯಿಂದ ಕಾದದ್ದು" ಎಂದೆ. "ಅವರ ಕಡೆಯಿಂದ."

ಹಿರಿಯರು ಗುಡ್ಡವನ್ನೊಮ್ಮೆ, ನಮ್ಮ ತಗ್ಗನ್ನೊಮ್ಮೆ ನೋಡಿ ತಲೆಯಾಡಿಸಿದರು. "ಹುಡುಗಿ ಹೇಳಿದ್ದು ಸರಿ. ಇಲ್ಲಿ ನಿಂತು ಯಾರು ಕಾಯ್ತಾರೆ? ಕಡಂಗ ಇವರದು." ಅಷ್ಟು ಬೇಗ ಮುಗಿಯಿತು.

ಹಲ್ಲಿನ ಮಾವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಬದಲಿಗೆ ಏನೋ ತಪ್ಪಿಹೋದವರಂತೆ ಒಂದು ಕ್ಷಣ ನಿಂತಿದ್ದರು. ಅದನ್ನೂ ನಟನೆ ಎಂದುಕೊಂಡೆ. ಆಮೇಲೆ ಅವರು, "ಕಡಂಗ ನಂದಾದ್ರೆ ನೀರ್ ಯಾರಿಗ್ ಬಿಡ್ಬೇಕು ಅನ್ನೋದೂ ನಂದೇ ಅಲ್ವಾ? ಗೌಡ್ರೇ ತಗಳ್ಲಿ, ಮೊದ್ಲಿನಂಗೆ" ಎಂದರು.

"ದಾನದ ನೀರ್ ನಂಗೆ ಬೇಡ" ಎಂದು ಅಪ್ಪ ಹೊರಟೇಬಿಟ್ಟರು. ಮನೆಯಲ್ಲಿ ಅವ್ವ ಎಷ್ಟು ಹೇಳಿದರೂ ಕೇಳಲಿಲ್ಲ. "ಇಂದ್ ಕೊಟ್ಟವಂಗೆ ನಾಳೆ ವಾಪಸ್ ಕೇಳ್ಲಿಕ್ಕೆ ಎಷ್ಟೊತ್ತು?" ಎಂಬುದೊಂದೇ ಮಾತು. ನಮ್ಮ ಕಡೆಯ ಜನ ಹಾಗೆಯೇ. ಹಕ್ಕು ಎಂದು ಜಗಳವಾಡಿದ ವಸ್ತುವನ್ನು ಉಪಕಾರವೆಂದು ಕೊಟ್ಟರೆ ಮುಟ್ಟುವುದಿಲ್ಲ. ಗಿಡ ಒಣಗಿದರೂ ಸರಿ. ಪಂಪು ಕೊಟ್ಟಿಗೆಯಲ್ಲೇ ಉಳಿಯಿತು. ನನ್ನ ಮೇಲೆ ಅಪ್ಪ ರೇಗಲಿಲ್ಲ. ಕೆಲವು ದಿನ ಮಳೆಯ ಲೆಕ್ಕ ಮಾತ್ರ ಕೇಳಲಿಲ್ಲ. ಕೇಳಲು ಮಳೆಯೂ ಇರಲಿಲ್ಲ.

ನಾನು ಆಟಕ್ಕೆ ಹೋಗುವುದನ್ನು ನಿಲ್ಲಿಸಿದೆ. ಒಂದು ಸಂಜೆ ಅವರು ಆಚೆ ದಂಡೆಯಿಂದ, "ಗೌಡ್ರ ಮಗಳೇ, ಮೇಜಿನ ಮೇಲೆ ಒಂದಾಟ ಅರ್ಧಕ್ಕೇ ನಿಂತೈತೆ" ಎಂದು ಕೂಗಿದರು. ಕೆಲಸ ಇದೆ ಎಂದೆ. "ಆಗ್ಲಿ ಬಿಡು, ಅವ್ರು ಎಲ್ಲಿಗೂ ಹೋಗಕಿಲ್ಲ" ಎಂದರು. ಅವರು ನನ್ನೊಡನೆ ಆಡಿದ ಕೊನೆಯ ಮಾತು ಅದು...

ಆ ಮಾರ್ಚಿನಲ್ಲಿ ನಮ್ಮ ತೋಟದಲ್ಲಿ ಹೂವಾಗಲಿಲ್ಲ. ಅವರ ತೋಟ ಬೆಳ್ಳಗೆ ಹೂವಾಯಿತು. ಆದರೆ ಕಡಂಗದ ಉದ್ದಕ್ಕೂ ನಮ್ಮ ಕಡೆಯೂ ನಾಲ್ಕೈದು ಸಾಲು ಗಿಡಗಳು ಮೈತುಂಬ ಅರಳಿ ನಿಂತವು. ನಮ್ಮ ಹಸಿರಿನ ಅಂಚಿಗೆ ಯಾರೋ ಬಿಳಿ ಪಟ್ಟಿ ಹೊಲಿದ ಹಾಗೆ. ತೋಟದ ಅಂಚಿಗೆ ಇಡುವ ಸ್ಪ್ರಿಂಕ್ಲರ್ ಜೆಟ್ಟನ್ನು ಎಲ್ಲರೂ ಅರ್ಧ ಸುತ್ತು ಮಾತ್ರ ತಿರುಗುವಂತೆ ಕಟ್ಟುತ್ತಾರೆ. ತಮ್ಮ ನೀರು, ತಮ್ಮ ಡೀಸೆಲ್ಲು ಪಕ್ಕದವರ ಪಾಲಾಗಬಾರದಲ್ಲ. ಅವರ ಜೆಟ್ಟುಗಳು ಪೂರ್ತಿ ಸುತ್ತು ತಿರುಗುತ್ತಿದ್ದವು.

"ಹಲ್ಲಿನವಂಗೆ ಜೆಟ್ ಕಟ್ಲಿಕ್ಕೆ ಎಲ್ಲಿ ಗೊತ್ತುಟ್ಟು?" ಎಂದರು ಅಪ್ಪ. ಅವ್ವ ಹೂವನ್ನು ತೋರಿಸಿ ಏನೋ ಹೇಳಲು ಹೋದಾಗ, "ಗಾಳಿಗೆ ಬಿದ್ದದ್ ಅದ್" ಎಂದು ಮುಗಿಸಿದರು. ನಾನೂ ಡೈರಿಯಲ್ಲಿ ಹಾಗೆಯೇ ಬರೆದೆ.

ಮಳೆಗಾಲದ ನಡುವೆ ಅವರಿಗೆ ಕಾಯಿಲೆಯಾಗಿ, ಅಕ್ಕನ ಮಗ ಬಂದು ಕುಶಾಲನಗರಕ್ಕೆ ಕರೆದುಕೊಂಡು ಹೋದ. ಮನೆಯ ಕಿಟಕಿಗಳು ಮುಚ್ಚಿದ್ದವು. ಹೋಗಿ ನೋಡಿ ಬರಬೇಕು ಎಂದು ಅವ್ವ ಎರಡು ಸಲ ಹೇಳಿದಳು. ನಾನು ಅಮ್ಮತ್ತಿಯಲ್ಲಿ ಕೆಲಸಕ್ಕೆ ಸೇರಿದ್ದ ಹೊಸತು. ರಜೆ ಸಿಗಲಿ ಎಂದೆ. ರಜೆ ಸಿಗುವ ಮೊದಲು ಅವರು ತೀರಿಹೋದ ಸುದ್ದಿ ಬಂತು. ಕೆಲವು ವಾರಗಳ ನಂತರ ಆ ಅಕ್ಕನ ಮಗ ಜೀಪಿನಲ್ಲಿ ಒಂದು ಪೆಟ್ಟಿಗೆಯನ್ನೂ, ಗೋಣಿ ಸುತ್ತಿದ ಹಲಗೆಯನ್ನೂ ತಂದು ನಮ್ಮ ಜಗಲಿಯಲ್ಲಿ ಇಳಿಸಿದ. "ನಿಮಗೇ ಕೊಡಬೇಕು ಅಂದಿದ್ರು" ಎಂದ. ತೋಟವನ್ನು ಅವನು ಹೊರಗಿನವರಿಗೆ ಮಾರಿದ. ಹೊಸಬರು ಕಡಂಗವನ್ನು ಸೇರಿಸಿ ಮುಳ್ಳುತಂತಿ ಎಳೆದು, ಕೆರೆಗೆ ಬೀಗ ಹಾಕಿದ ಗೇಟಿಟ್ಟರು. ಪೆಟ್ಟಿಗೆಯನ್ನೂ ಹಲಗೆಯನ್ನೂ ನಾನು ಬಿಚ್ಚದೆಯೇ ಅಟ್ಟಕ್ಕೆ ಹಾಕಿಸಿದೆ. ಸತ್ತವರು ಕೊಟ್ಟದ್ದರಲ್ಲೂ ಏನಾದರೂ ಇರಬಹುದು ಎನ್ನುವಷ್ಟು ನನ್ನ ಮನಸ್ಸು ಗಟ್ಟಿಯಾಗಿತ್ತು.

ಕ್ಲಿನಿಕ್ಕಿನಿಂದ ಬಂದ ಮುಂದಿನ ಭಾನುವಾರ ಅವನ್ನು ಅಟ್ಟದಿಂದ ಇಳಿಸಿದೆ. ಸೈನಿಕರು ಹತ್ತಿಯಲ್ಲಿ ಸುತ್ತಿಕೊಂಡು ಹಾಗೆಯೇ ಇದ್ದರು. ಹಲಗೆಯ ಮೇಲಿನ ಹುಲ್ಲು ಥಂಡಿಗೆ ಎದ್ದು ಬಂದಿತ್ತು. ಆಚೆಯ ಗುಡ್ಡವನ್ನು ಮುಟ್ಟಿದಾಗ ಹೊಟ್ಟು ಸಿಪ್ಪೆಯಂತೆ ಕಳಚಿತು. ಕೆಳಗೆ ಅರ್ಧರ್ಧ ಅಂಗುಲದ ಮೂರು ಪದರ ಥರ್ಮೋಕೋಲು. ಪದರಗಳು ಜಾರದಂತೆ ಅವರು ಹಲ್ಲಿನ ಸೆಟ್ಟಿಗೆ ಬಳಸುವ ಉಕ್ಕಿನ ತಂತಿಯನ್ನು ಕೆಳಗಿನಿಂದ ಚುಚ್ಚಿದ್ದರು. ಮೂರನೆಯ ಪದರದ ಮೇಲೆ ಆ ತಂತಿ ಮಡಚಿ ಮಲಗಿತ್ತು, ಸುತ್ತ ಒಣಗಿದ ಅಂಟಿನ ಕಲೆ. ಅಲ್ಲಿ ಇನ್ನೇನೋ ಅಂಟಿಕೊಂಡಿತ್ತು, ಆಮೇಲೆ ಅದನ್ನು ಕಿತ್ತಿದ್ದರು. ತಂತಿಯನ್ನು ನೆಟ್ಟಗೆ ಮಾಡಿ ಅಳೆದೆ. ಒಂದು ಅಂಗುಲ. ಎರಡು ಪದರ.

ಆ ಸ್ಕೇಲಿನ ಇಲಿ ಕಡಿದಿದ್ದು ಹೌದು. ಆದರೆ ಗುಡ್ಡವನ್ನು ಎತ್ತರಿಸಿರಲಿಲ್ಲ, ತಗ್ಗಿಸಿತ್ತು.

ಅಷ್ಟಕ್ಕೂ ನಾನು ನಂಬಲಿಲ್ಲ. ಮೊದಲಿನ ಐದು ಪದರವೇ ಸುಳ್ಳಾಗಿದ್ದರೆ? ಮೊದಲು ಬೇಕೆಂದೇ ಹೆಚ್ಚು ಮಾಡಿ, ಆಮೇಲೆ ಮನಸ್ಸು ತಡೆಯದೆ ಸರಿಗೆ ತಂದಿದ್ದರೆ? ಮರ, ಕಾಫಿ, ಮೆಣಸಿನ ಬಳ್ಳಿಗಳ ನಡುವೆ ಇಳಿಜಾರು ಎಷ್ಟೆಂದು ಕಣ್ಣಿಗೆ ಗೊತ್ತಾಗುವುದಿಲ್ಲ. ನಿಜವಾದ ಗುಡ್ಡವನ್ನು ನಾನು ಯಾವತ್ತೂ ಅಳೆದಿರಲಿಲ್ಲ. ಅಳೆಯಲು ನೀರು ತುಂಬಿದ ಪೈಪು ಸಾಕು, ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಆದರೆ ಅದರ ಎರಡು ತುದಿಗೆ ಇಬ್ಬರು ಬೇಕು.

ಅಪ್ಪನನ್ನು ಕೇಳಿದೆ. ಯಾಕೆ ಎಂದು ಅವರು ಕೇಳಲಿಲ್ಲ. ಜಗಲಿಯಲ್ಲಿ ಬಿಚ್ಚಿಟ್ಟ ಗುಡ್ಡವನ್ನೂ ಮಡಚಿದ ತಂತಿಯನ್ನೂ ಅವರು ಬೆಳಗ್ಗೆಯೇ ನೋಡಿದ್ದರು. ಹೊಸಬರ ವಾಚ್‌ಮನ್‌ಗೆ ಹೇಳಿ, ರಸ್ತೆ ಸುತ್ತಿ ಆಚೆ ಹೋದರು. ನಾನು ನಮ್ಮ ದಂಡೆಯ ಮೇಲೆ ಪೈಪಿನ ಒಂದು ತುದಿ ಹಿಡಿದು ನಿಂತೆ. ಇನ್ನೊಂದನ್ನು ಮುಳ್ಳುತಂತಿಯ ಕೆಳಗಿಂದ ತೂರಿಸಿ ಅಪ್ಪ ಎಳೆದುಕೊಂಡರು. ಆ ತೋಟಕ್ಕೆ ಅವರು ಕಾಲಿಟ್ಟದ್ದು ಅದೇ ಮೊದಲು. ಮೂರು ಸಲ ಜಾಗ ಬದಲಾಯಿಸಿ, ಮೂರು ಸಲ ನೀರಿನ ಮಟ್ಟ ನೋಡಿ ಕೂಡಿಸಿದೆ. ನಮ್ಮ ದಂಡೆಗಿಂತ ಗುಡ್ಡ ಹದಿನೈದು ಅಡಿ ಎತ್ತರ. ಅವರ ಮೇಜಿನ ಮೇಲೆ ಒಂದು ಅಂಗುಲದ ಸೈನಿಕ ಆರಡಿಯ ಆಳಾದರೆ, ಅರ್ಧ ಅಂಗುಲದ ಒಂದು ಪದರವೆಂದರೆ ಮೂರಡಿ. ಐದು ಪದರವೇ ಸರಿ. ಮೂರು ಸುಳ್ಳು.

ನಮ್ಮ ಕಡೆಯಿಂದ ನಾನು ಗೆದ್ದ ಮೂರು ಆಟಗಳೂ ಇಲಿ ಕಡಿದ ನಂತರದವು. ತಗ್ಗಿದ ಗುಡ್ಡದಿಂದ ದಂಡೆಯ ಹಿಂದಿನ ನನ್ನವರೆಲ್ಲ ಅವರಿಗೆ ಕಂಡಿರಲಿಲ್ಲ. ಅವರು ತಮ್ಮ ಗುಡ್ಡವನ್ನು ತಾವೇ ಕತ್ತರಿಸಿ, ಕಡಂಗ ನಮ್ಮದೆಂದು ನಾನು ಹೇಳಲು ದಾರಿ ಮಾಡಿಕೊಟ್ಟಿದ್ದರೇ? ಅಂದು ಎಲ್ಲರೆದುರು ನನ್ನನ್ನು ಕೇಳಿ ಎಂದದ್ದು ಅದಕ್ಕೇ ಇರಬಹುದೇ? ಅಥವಾ ಸೋತು ಸೋತು ಬೇಸತ್ತು ನಾನು ಬರುವುದನ್ನು ನಿಲ್ಲಿಸಬಾರದು ಎಂದಷ್ಟೇ ಇತ್ತೇ? ಕೇಳಲು ಈಗ ಅವರಿಲ್ಲ. ಇದ್ದಾಗ ಕೇಳಬಹುದಾಗಿದ್ದ ಅರ್ಧ ಆಟದ ಸಂಜೆಗೆ ನಾನು ಕೆಲಸವಿದೆ ಎಂದಿದ್ದೆ...

ಹೊಸ ಥರ್ಮೋಕೋಲಿನಲ್ಲಿ ಎರಡು ಪದರ ಅಳತೆಗೆ ಕತ್ತರಿಸಿ ಇಟ್ಟಿದ್ದೇನೆ. ಅಂಟಿಸಿದರೆ ಗುಡ್ಡ ನಿಜವಾಗುತ್ತದೆ. ಇನ್ನೂ ಅಂಟಿಸಿಲ್ಲ.

ಅಂದು ಅಳತೆ ಮುಗಿದ ಮೇಲೆ, ಪೈಪಿನ ನೀರು ಚೆಲ್ಲಿ ಸುತ್ತುತ್ತಾ, ಲೆಕ್ಕವನ್ನು ಆಚೆಗೆ ಕೂಗಿ ಹೇಳಿದೆ. ಅಪ್ಪ ಗುಡ್ಡದ ಮೇಲೆ ನಿಂತು ನಮ್ಮ ತೋಟವನ್ನು ನೋಡುತ್ತಿದ್ದರು. ಅಲ್ಲಿಂದ ಎಲ್ಲವೂ ಕಾಣುತ್ತಿತ್ತು. ದಂಡೆಯ ಹಿಂದೆ ನಿಂತ ನಾನು, ಕೊಟ್ಟಿಗೆ, ಆ ವರ್ಷ ಬಿಳಿ ಪಟ್ಟಿಯಾಗಿ ಅರಳಿದ್ದ ಗಿಡಗಳು.

"ಅಂವ ತಗ್ಗಿಸಿದ್ದಾ?" ಎಂದು ಕೇಳಿದರು.

"ಹೂಂ."

ಅಪ್ಪ ಹೆಗಲ ಮೇಲಿನ ಟವಲ್ ತೆಗೆದು ಮುಖ ಒರೆಸಿಕೊಂಡು ಮತ್ತೆ ಹೆಗಲಿಗೆ ಹಾಕಿದರು.

"ಆ ದಿನ ಗಾಳಿ ಇತ್ಲೆ, ಕೂಸೇ" ಎಂದರು.

ಜೆಟ್ಟುಗಳು ತಿರುಗಿದ ದಿನ ಗಾಳಿ ಇರಲಿಲ್ಲವಂತೆ. ಮನೆಗೆ ಬಂದು ಡೈರಿಯಲ್ಲಿ ಆ ಮಾರ್ಚಿನ ಪುಟ ತೆಗೆದು, 'ಗಾಳಿಗೆ ಬಿದ್ದದ್ದು' ಎಂದು ನಾನು ಬರೆದಿದ್ದ ಸಾಲಿನ ಮೇಲೆ ಒಂದು ಗೀಟು ಎಳೆದೆ.